ಟ್ರ್ಯಾಕರ್ ಕೂರಿಸಿದವನ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ಯಂತ್ರದ್ದೂ ಒಂದಿಷ್ಟು ಇದೆ. ಆದರೆ ಯಂತ್ರಕ್ಕೆ ಬಾಯಿ ಇರಲಿಲ್ಲ, ಬಾಯಿ ಕೊಟ್ಟವನು ನಾನು. ಒಬ್ಬ ಮನುಷ್ಯ ಮುಂದೊಂದು ದಿನ ಹೇಳಬೇಕಾಗಿದ್ದ ನಿಜವನ್ನು ಅವನಿಗಿಂತ ಎರಡು ವಾರ ಮೊದಲೇ, ಅವನದೇ ದನಿಯಲ್ಲಿ, ನಾಲ್ಕು ಜನ ನಗಲಿ ಎಂದು ಹೇಳಿ ಮುಗಿಸಿದ್ದೆ. ಆಮೇಲೆ ಅವನೇ ಬಂದು ಅದನ್ನು ಹೇಳಿದಾಗ ಆ ಮಾತು ಹಳಸಿ ಹೋಗಿತ್ತು.

ನಾನು ನಮ್ಮೂರಿನ ಇಬ್ರಾಹಿಂಪುರ ಬಡಾವಣೆಯಲ್ಲಿ, ರೈಲು ಹಳಿಯ ಪಕ್ಕದ ಒಂದು ಕಾರ್ ಎಲೆಕ್ಟ್ರಿಕ್ ಅಂಗಡಿಯಲ್ಲಿ ಫಿಟ್ಟರ್. ಹಾರ್ನು, ಸೆಂಟರ್ ಲಾಕು, ರಿವರ್ಸ್ ಕ್ಯಾಮೆರಾ, ಈಚೆಗೆ ಟ್ರ್ಯಾಕರು. ಅದು ಕೈಯ ಕೆಲಸ. ಬಾಯಿಗೆ ಬೇರೆ ಕೆಲಸವಿತ್ತು. ಗಿರಾಕಿ ಅಂಗಡಿಯ ಮೆಟ್ಟಿಲು ಇಳಿಯುವುದೇ ತಡ, ಅವರ ದನಿ ತೆಗೆದು ತೋರಿಸುತ್ತಿದ್ದೆ. ಮನೆಯಿಂದ ಫೋನ್ ಬಂದರೆ ನಮ್ಮ ಮಾಲಕರ ದನಿ ಅರ್ಧಕ್ಕೆ ಇಳಿಯುವ ರೀತಿ, ಲೈಸೆನ್ಸ್ ಏಜೆಂಟ ಮೂಗಿನಿಂದ ಮಾತಾಡುವ ರೀತಿ, ಇಂಗ್ಲಿಷ್ ಮಾತಾಡುವ ಗಿರಾಕಿ ಬಂದರೆ ನಾನು ‘ಯಸ್ ಸರ್’ ಎಂದು ಸ್ಕ್ರೂಡ್ರೈವರ್ ಕೆಳಗೆ ಬೀಳಿಸುವ ರೀತಿ, ಎಲ್ಲವೂ ಇದ್ದವು. ನನ್ನನ್ನೂ ಬಿಟ್ಟಿರಲಿಲ್ಲ ಎನ್ನುವುದು ಆಗ ನನಗೆ ದೊಡ್ಡ ನ್ಯಾಯದಂತೆ ಕಾಣುತ್ತಿತ್ತು.

ನನ್ನ ಅತಿ ದೊಡ್ಡ ಅಭಿಮಾನಿ ಒಬ್ಬ ಡ್ರೈವರ್. ಐವತ್ತು ದಾಟಿದವನು, ನಾವು ಕಾಕಾ ಅನ್ನುತ್ತಿದ್ದೆವು. ಬಬಲೇಶ್ವರದ ಹೈಸ್ಕೂಲೊಂದರ ಹೆಡ್‌ಮಿಸ್ಟ್ರೆಸ್ ಅವರ ಬಿಳಿ, ಏಳು ಸೀಟಿನ ಗಾಡಿ ಓಡಿಸುತ್ತಿದ್ದ. ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವಂತೆ ಅವರನ್ನು ಅವನು ‘ಅಕ್ಕೋರು’ ಎನ್ನುತ್ತಿದ್ದ, ಹಾಗಾಗಿ ನಾವೂ. ಮುಂಜಾನೆ ಅಕ್ಕೋರನ್ನು ಅದೇ ಊರೊಳಗಿನ ಜೋರಾಪುರ ಪೇಟೆಯಿಂದ ಬಬಲೇಶ್ವರಕ್ಕೆ ಒಯ್ಯುವುದು, ಸಂಜೆ ಕರೆತರುವುದು. ಪೇಟೆಯ ಅವರ ಓಣಿಯಲ್ಲಿ ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕು, ಇನ್ನು ಈ ಗಾಡಿ ಎಲ್ಲಿ ನಿಲ್ಲಬೇಕು? ಅದು ಕಾಕಾನ ಮನೆಯ ಮುಂದೆ, ನಮ್ಮ ಇಬ್ರಾಹಿಂಪುರದಲ್ಲೇ ನಿಲ್ಲುತ್ತಿತ್ತು. ಎಂಟು ವರ್ಷ ನಿಂತಿತ್ತು. ಯಾರೂ ಏನೂ ಕೇಳಿರಲಿಲ್ಲ.

ಕಾಕಾ ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾನೆ. ಒಂದು ಕೆಮ್ಮು ತನಗೆ, ಇನ್ನೊಂದು ಎದುರಿನವರಿಗೆ. ಆಮೇಲೆ ‘ಅಕ್ಕೋ…ರ’ ಎಂದು ತಗ್ಗಿನಿಂದ ಗಾಡಿ ಮೇಲಕ್ಕೆ ಹತ್ತಿಸಿದ ಹಾಗೆ ಎಳೆಯುತ್ತಾನೆ. ಚಹಾದ ಅಂಗಡಿಯಲ್ಲಿ ಸಿಕ್ಕಾಗಲೆಲ್ಲ ಅವನದೇ ಬೇಡಿಕೆ.

“ಲೇ ತಮ್ಮಾ, ನನ್ನ ಮಾಡಿ ತೋರ್ಸಲೇ.”

ಮಾಡಿ ತೋರಿಸುತ್ತಿದ್ದೆ. ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು ನಗುತ್ತಿದ್ದ. “ನಿನ್ನ ಬಾಯಾಗ ಮಣ್ಣ ಹಾಕ! ಥೇಟ್ ನಾನ ಅದೀನಿ ನೋಡು. ನಾಳೆ ನನಗ ಜ್ವರಾ ಬಂದ್ರ ನೀನ ಫೋನ್ ಮಾಡಿ ಸೂಟಿ ಕೇಳು, ಅಕ್ಕೋರಿಗೆ ಗೊತ್ತಾಗೂದಿಲ್ಲ.”

ಹೀಗಿರುವಾಗ ಒಂದು ಸಂಜೆ ಅಕ್ಕೋರು ನಮ್ಮ ಅಂಗಡಿಗೆ ಆಟೋದಲ್ಲಿ ಬಂದಿಳಿದರು. ತಮ್ಮ ಗಾಡಿ ಬಿಟ್ಟು ಆಟೋದಲ್ಲಿ ಯಾಕೆ ಬಂದರು ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಅವರ ಸಾಲಿಯ ಮಾಸ್ತರರೊಬ್ಬರ ಕಾರು ಬಬಲೇಶ್ವರದ ಒಂದು ಕಲ್ಯಾಣ ಮಂಟಪದ ಮುಂದಿನಿಂದ ಹಾಡಹಗಲೇ ಕಳುವಾಗಿತ್ತು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಮಾಸ್ತರರಿಗೆ ಕಂಡದ್ದು ನೆಲದ ಮೇಲಿನ ಎಣ್ಣೆಯ ಕಲೆ ಮಾತ್ರ. ಅಕ್ಕೋರು ಗಾಜಿನ ಕಪಾಟಿನೊಳಗಿನ ಟ್ರ್ಯಾಕರನ್ನು ನೋಡಿದರು. ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ, ಮೂರು ವೈರು.

“ಇದು ತಗೋಬೇಕೋ ಬ್ಯಾಡೋ? ನನಗ ಖರೇ ಹೇಳು,” ಅಂದರು.

ಖರೇ ಹೇಳಲು ಐದು ನಿಮಿಷ ಸಾಕಿತ್ತು. ಡಬ್ಬಿ ಆಕಾಶದ ಉಪಗ್ರಹದಿಂದ ತಾನು ಎಲ್ಲಿದ್ದೇನೆಂದು ತಿಳಿದುಕೊಂಡು, ಒಳಗಿನ ಸಿಮ್ಮಿನಿಂದ ನಿಮ್ಮ ಫೋನಿಗೆ ಕಳಿಸುತ್ತದೆ. ಗೊತ್ತಿರುವ ಕಳ್ಳ ಮೊದಲು ಬ್ಯಾಟರಿಯನ್ನೇ ಬಿಚ್ಚುತ್ತಾನೆ. ಆಮೇಲೆ ಡಬ್ಬಿ ತನ್ನೊಳಗಿನ ಉಗುರಿನಷ್ಟು ಬ್ಯಾಟರಿಯ ಮೇಲೆ ಕೆಲವು ತಾಸು ಬದುಕುತ್ತದೆ. ಆ ಹೊತ್ತಿನಲ್ಲಿ ಅದು ಹೇಳುವುದನ್ನು ಎಷ್ಟು ನಂಬಬೇಕು ಎನ್ನುವುದು ನನಗೇ ಗೊತ್ತಿಲ್ಲ. ಇಷ್ಟೇ. ಆದರೆ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ನನಗೆ ಜನ ಕಂಡರೆ ಖರೇ ಮಾತು ಸಪ್ಪೆ ಅನಿಸುತ್ತದೆ.

ಮೊದಲು ಕಳ್ಳನ ದನಿ ಮಾಡಿದೆ. ಆಮೇಲೆ ಠಾಣೆಯ ಮುಂದೆ ಕೈಕಟ್ಟಿ ನಿಂತ ಮಾಸ್ತರರ ದನಿ. ಎಲ್ಲರೂ ನಕ್ಕರು, ಅಕ್ಕೋರು ನಗಲಿಲ್ಲ.

“ನಮ್ಮ ಗಾಡಿ ನಮ್ಮ ಡ್ರೈವರನ ಕಣ್ಣ ಮುಂದನ ಇರತೈತಿ. ಅಂವಾ ಅಂಥಾ ಮನಷ್ಯಾ ಅಲ್ಲ,” ಅಂದರು.

“ಅಲ್ರಿ ಅಕ್ಕೋರ, ಖರೇ. ಆದ್ರೂ…” ಎಂದು ಎರಡು ಸಲ ಕೆಮ್ಮಿದೆ. ಮುಂದಿನದು ಕಾಕಾನ ದನಿ. “ಅಕ್ಕೋ…ರ, ಎಲ್ಲೂ ಹೋಗಿಲ್ರೀ. ಗಾಡಿ ತೊಳ್ಯಾಕ ಒಯ್ದಿದ್ದೆರೀ!”

ಕಟ್ಟೆಯ ಮೇಲಿನವರು ಬಿದ್ದು ಬಿದ್ದು ನಕ್ಕರು. ಅಕ್ಕೋರಿಗೂ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೆರಗು ತೆಗೆದಾಗ ನಗು ಹೋಗಿತ್ತು. ಮಾಲಕರು ಇದೇ ಹದ ಎಂದು ಮುಂದೆ ಬಂದು, “ಒಂದ್ ತಿಂಗಳ ಇಟ್ಟು ನೋಡ್ರಿ ಅಕ್ಕೋರ. ಬ್ಯಾಡ ಅನಿಸಿದ್ರ ವಾಪಸ್ ಕೊಡ್ರಿ,” ಎಂದರು.

“ಕೂರಿಸ್ರಿ. ಅಂವಗ ಹೇಳೂದು ಬ್ಯಾಡ,” ಎಂದು ಅಕ್ಕೋರು ಆಟೋ ಹತ್ತಿದರು.

ಮರುದಿನ ಹಾರ್ನ್ ರಿಪೇರಿ ಎಂಬ ನೆಪದಲ್ಲಿ ಕಾಕಾನೇ ಗಾಡಿ ತಂದ. ಅವನನ್ನು ಚಹಾಕ್ಕೆ ಕಳಿಸಿ ಬಾನೆಟ್ ಎತ್ತಿದೆ. ಬ್ಯಾಟರಿಯ ಎರಡೂ ತುದಿಗಳಿಗೆ, ಅಂದರೆ ಟರ್ಮಿನಲ್ಲುಗಳಿಗೆ, ವ್ಯಾಸಲೀನ್ ಸವರಿ ಮೇಲೆ ಕುಂಕುಮ ಹಚ್ಚಿತ್ತು. ಇಷ್ಟು ಚೊಕ್ಕ ಬ್ಯಾಟರಿಯನ್ನು ನಾನು ಶೋರೂಮಿನ ಗಾಡಿಯಲ್ಲೂ ಕಂಡಿಲ್ಲ. ನಾನು ಮಾಡಿದ್ದೇನು? ಕೈಗೆ ಅಂಟಿತೆಂದು ಬೈಯುತ್ತ ಆ ಕುಂಕುಮವನ್ನು ಬಟ್ಟೆಯಲ್ಲಿ ಒರೆಸಿ ಹಾಕಿದೆ. ಮುಂದೆ ನಾನು ಊರೂರು ಅಲೆದು ಹುಡುಕಿದ ಸಾಕ್ಷಿ ಅದು. ಮೊದಲ ದಿನವೇ ನನ್ನ ಬೆರಳಿಗೆ ಅಂಟಿಕೊಂಡಿತ್ತು.

ಕೆಂಪು ವೈರು ಸದಾ ಕರೆಂಟು ಇರುವ ಕಡೆಗೆ, ಹಳದಿ ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ, ಕಪ್ಪು ಗಾಡಿಯ ಮೈಗೆ. ಮೂರನ್ನೂ ಮೀಟರ್ ಹಿಡಿದು ನೋಡಿ ಬೆಸೆದೆ. ಡಬ್ಬಿಯನ್ನು ಎಡಗಡೆಯ ಡ್ಯಾಶ್‌ಬೋರ್ಡಿನ ಒಳಗೆ, ಮೇಲೆ ಬರೀ ಪ್ಲಾಸ್ಟಿಕ್ ಇರುವಲ್ಲಿ, ಮುಖ ಆಕಾಶಕ್ಕೆ ಮಾಡಿ ಕೂರಿಸಿದೆ. ತಗಡು ಅಡ್ಡ ಬಂದರೆ ಉಪಗ್ರಹ ಸಿಗುವುದಿಲ್ಲ. ಟ್ರಯಲ್ ಎಂದು ಅಕ್ಕೋರ ಫೋನಿನ ಜೊತೆ ನನ್ನ ಫೋನಿಗೂ ಅದರ ಆ್ಯಪ್ ಹಾಕಿಕೊಂಡಿದ್ದೆ. ನಕ್ಷೆಯಲ್ಲಿ ಹಸಿರು ಬಣ್ಣದ ಪುಟ್ಟ ಕಾರು ನಮ್ಮ ಅಂಗಡಿಯ ಮುಂದೆಯೇ ಬಂದು ನಿಂತಿತು. ಚಹಾ ಕುಡಿದು ಬಂದ ಕಾಕಾ ಹಾರ್ನ್ ಒತ್ತಿ ನೋಡಿದ.

“ಮೊದಲಿನ ಹಂಗ ಐತಲ್ಲೋ ತಮ್ಮಾ?”

“ಒಳಗಿನ ಮಾಲು ಬದಲಿ ಮಾಡೀನಿ ಕಾಕಾ.”

ಇದಕ್ಕೆ ನಕ್ಕವನು ನಾನೊಬ್ಬನೇ.

ಎರಡು ವಾರ ಹಸಿರು ಕಾರು ಸಾಲಿಗೆ ಹೋಯಿತು, ಮನೆಗೆ ಬಂತು. ಆಮೇಲೆ ಒಂದು ಭಾನುವಾರ ಅಮಾವಾಸ್ಯೆ ಬಂತು. ಅಕ್ಕೋರ ಅತ್ತೆ ಕನಮಡಿಯಲ್ಲಿದ್ದ ತಮ್ಮ ತಂಗಿಯನ್ನು ಮಾತಾಡಿಸಬೇಕೆಂದರು. ಕನಮಡಿ ಎಂದರೆ ತಿಕೋಟಾ ದಾಟಿ ಇನ್ನೂ ಮುಂದೆ, ಮಹಾರಾಷ್ಟ್ರದ ಗಡಿಯ ಮಗ್ಗುಲು. ಕಾಕಾ ಮುಂಜಾನೆ ಅವರನ್ನು ಕರೆದುಕೊಂಡು ಹೋದ. ಹೊತ್ತು ಏರಿದ ಮೇಲೆ ನನ್ನ ಫೋನು ಕಿರ್ರ್ ಎಂದಿತು. ಹೊರಗಿನ ಪವರ್ ಕಡಿತಗೊಂಡಿದೆ ಎಂಬ ಸಂದೇಶ. ಮುಂದೆ ಅರ್ಧ ತಾಸಿಗೆ ಕಾರಿನ ಚಿತ್ರ ಕನಮಡಿಯಿಂದ ಎದ್ದು ಗಡಿಯ ಆಚೆ, ಮಹಾರಾಷ್ಟ್ರದ ಒಂದು ಹೊಲದ ನಡುವೆ ಕೂತಿತು. ಕೂತಿದ್ದು ಅಲ್ಲೇ ಉಳಿಯಿತು.

ಅಕ್ಕೋರ ಫೋನು ಬಂತು. ಅಷ್ಟು ಹೊತ್ತಿಗೆ ಅವರು ಕಾಕಾನಿಗೆ ಮೂರು ಸಲ ಮಾಡಿದ್ದರು, ಎತ್ತಿರಲಿಲ್ಲ. ಅತ್ತೆಗೆ ಮಾಡಿ ಗಾಡಿ ಬಾಗಿಲಲ್ಲಿದೆಯೇ ಎಂದು ಕೇಳಿದ್ದರು. “ಇಲ್ಲವಾ, ನಮ್ಮನ್ನ ಇಳಿಸಿ ಹೋದಾಂವ ಇನ್ನೂ ಬಂದಿಲ್ಲ,” ಎಂದಿದ್ದರಂತೆ ಅತ್ತೆ.

“ಈ ಮಷಿನ್ ಸುಳ್ಳ ಹೇಳತೈತೇನು?” ಎಂದು ಅಕ್ಕೋರು ನನ್ನನ್ನು ಕೇಳಿದರು.

ತಡೆಯಿರಿ, ವಿಚಾರಿಸುತ್ತೇನೆ ಎನ್ನಬಹುದಿತ್ತು. “ಮಷಿನಿಗೆ ಸುಳ್ಳ ಹೇಳಾಕ ಬರೂದಿಲ್ರೀ ಅಕ್ಕೋರ. ಯಾರೋ ವೈರ್ ಕಡದಾರ,” ಅಂದುಬಿಟ್ಟೆ.

ಮಧ್ಯಾಹ್ನ ಕಾರು ಒಂದೇ ನೆಗೆತಕ್ಕೆ ಕನಮಡಿಗೆ ಮರಳಿತು. ಯಾವ ಗಾಡಿ ಹಾಗೆ ನೆಗೆಯುತ್ತದೆ, ನಡುವಿನ ದಾರಿಯ ಗುರುತು ಯಾಕಿಲ್ಲ ಎಂದು ಅಂದು ನನ್ನ ತಲೆಗೆ ಬರಲೇ ಇಲ್ಲ. ಕಟ್ಟೆಯವರಿಗೆ ಈ ಸುದ್ದಿಯನ್ನು ಹೇಗೆ ಅಭಿನಯಿಸಿ ತೋರಿಸಲಿ ಎಂಬ ಯೋಚನೆಯಲ್ಲಿದ್ದೆ.

ಸೋಮವಾರ ಸಾಲಿ ಬಿಟ್ಟ ಮೇಲೆ ಅಕ್ಕೋರು ಗಾಡಿಯನ್ನು ನೇರ ನಮ್ಮ ಅಂಗಡಿಗೆ ತರಿಸಿದರು. ಡ್ಯಾಶ್‌ಬೋರ್ಡ್ ಬಿಚ್ಚು ಎಂದು ನನಗೆ ಹೇಳಿದರು. ಬಿಚ್ಚಿದೆ. ಮೂರೂ ವೈರು ನಾನು ಬೆಸೆದಂತೆಯೇ ಇದ್ದವು, ಸುತ್ತಿದ ಟೇಪು ಕೂಡ ಅಲುಗಿರಲಿಲ್ಲ. ಕಾಕಾ ಆ ಕರಿ ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹಾರ್ನ್ ರಿಪೇರಿ ಅವನಿಗೆ ಆಗ ಅರ್ಥವಾಯಿತು.

“ನಿನ್ನೆ ಕನಮಡಿಯೊಳಗ ನಮ್ಮತ್ತೀನ ಇಳಿಸಿ ಎರಡು ತಾಸು ಎಲ್ಲಿ ಹೋಗಿದ್ದಿ?” ಅಕ್ಕೋರು ಕೇಳಿದರು.

ಕಾಕಾ ಎರಡು ಸಲ ಕೆಮ್ಮಿದ.

“ಅಕ್ಕೋ…ರ, ಎಲ್ಲೂ ಹೋಗಿಲ್ರೀ. ಗಾಡಿ ತೊಳ್ಯಾಕ ಒಯ್ದಿದ್ದೆರೀ.”

ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ಸೇರಿಕೊಂಡರು. ಅಕ್ಕೋರು ಅವನನ್ನು ನೋಡುತ್ತಿದ್ದವರು ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಸ್ಕ್ರೂ ಹುಡುಕತೊಡಗಿದೆ, ನನಗೂ ನಗು ಬಂದಿತ್ತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬಂದದ್ದು ನಿಜ. ಜನ ಯಾಕೆ ನಗುತ್ತಿದ್ದಾರೆ ಎಂದು ಕಾಕಾ ಮಾತ್ರ ಒಬ್ಬೊಬ್ಬರ ಮುಖ ನೋಡುತ್ತಿದ್ದ.

“ಗಡಿ ದಾಟಿ ಯಾಕ ಹೋದಿ? ವೈರ್ ಏನ್ ಮಾಡಿದಿ?”

“ನಾ ಗಡಿ ದಾಟಿಲ್ರೀ. ಯಾವ ವೈರೂ ಮುಟ್ಟಿಲ್ರೀ.”

ಅಕ್ಕೋರು ಫೋನು ತೋರಿಸಿದರು. ಅವನು ಕನ್ನಡಕ ತೆಗೆದು ಹಾಕಿಕೊಂಡು, ಆ ಪುಟ್ಟ ಕಾರನ್ನು ಬಹಳ ಹೊತ್ತು ನೋಡಿದ. “ಇದು ನಮ್ಮ ಗಾಡಿ ಅಲ್ರೀ,” ಅಂದ. ಮತ್ತೊಮ್ಮೆ ನಗು ಎದ್ದಿತು. ಅವನು ಜೇಬಿನಿಂದ ಚಾವಿ ತೆಗೆದು, ಅದಕ್ಕೆ ಕಟ್ಟಿದ್ದ ತನ್ನ ದೇವರ ತಾಯತವನ್ನು ಬಿಚ್ಚಿಕೊಂಡು, ಚಾವಿಯನ್ನಷ್ಟೇ ನಮ್ಮ ಗಾಜಿನ ಕಪಾಟಿನ ಮೇಲೆ ಇಟ್ಟ. ಅಕ್ಕೋರು ತಡೆಯಲಿಲ್ಲ. ಹಳಿಯ ಪಕ್ಕದ ದಾರಿ ಹಿಡಿದು ನಡೆದು ಹೋದ. ಮನೆ ಅಲ್ಲೇ ಇತ್ತು, ಆದರೆ ಅಂದು ಅವನು ಮನೆಯ ದಿಕ್ಕಿಗೆ ಹೋಗಲಿಲ್ಲ.

ಸುದ್ದಿ ಸಾಲಿಗೆ ಮುಟ್ಟಿತು. ಒಂದೇ ವಾರದಲ್ಲಿ ಬಬಲೇಶ್ವರದ ಮೂವರು ಮಾಸ್ತರರು ತಮಗೂ ಬೇಕೆಂದರು. ಮಾಲಕರು ನನ್ನ ಬೆನ್ನು ತಟ್ಟಿದರು. ಇಬ್ರಾಹಿಂಪುರದಲ್ಲಿ ಮಾತ್ರ ಕಾಕಾ ‘ಗಾಡಿ ತೊಳೆದವ’ ಆಗಿಬಿಟ್ಟಿದ್ದ. ಹೊಸ ಕೆಲಸ ಕೇಳಲು ಹೋದಲ್ಲೆಲ್ಲ ಆ ಹೆಸರು ಅವನಿಗಿಂತ ಮೊದಲೇ ಮುಟ್ಟುತ್ತಿತ್ತು. ಅವನ ಹೆಂಡತಿ ನಮ್ಮ ಅಂಗಡಿಯ ಮುಂದೆ ಹಾಯುವಾಗ ಸೆರಗು ಮುಂದಕ್ಕೆ ಎಳೆದುಕೊಳ್ಳತೊಡಗಿದಳು.

ನನ್ನ ತಲೆ ಕೆಟ್ಟದ್ದು ಒಂದು ಸಣ್ಣ ಕೆಲಸದಿಂದ. ಅದೇ ಕಂಪನಿಯ ಟ್ರ್ಯಾಕರ್ ಇದ್ದ ಒಂದು ಗಾಡಿ ಬ್ಯಾಟರಿ ಬದಲಿಸಲು ಬಂತು. ಹಳೆಯದನ್ನು ಬಿಚ್ಚಿ, ಹೊಸದು ತರಲು ಸ್ಟೇಷನ್ ರಸ್ತೆಗೆ ಹೋಗಿ ಬಂದೆ. ಬಂದು ನೋಡಿದರೆ ಗಾಡಿಯ ಮಾಲೀಕ ಫೋನು ಹಿಡಿದು ನಗುತ್ತಿದ್ದಾನೆ. “ಏನಪಾ, ನನ್ನ ಗಾಡಿ ರೈಲ್ವೆ ಗೂಡ್ಸ್ ಶೆಡ್ಡಿನ್ಯಾಗ ಐತಿ ಅಂತ ತೋರ್ಸಾಕತ್ತೈತಿ!” ಗಾಡಿ ನಮ್ಮಿಬ್ಬರ ನಡುವೆಯೇ ನಿಂತಿತ್ತು.

ಆ್ಯಪಿನ ಒಳಗೆ ಹೊಕ್ಕು, ಯಾರೂ ತೆರೆಯದ ವಿವರದ ಪಟ್ಟಿ ತೆರೆದೆ. ಪ್ರತಿ ಸಾಲಿನ ಕೊನೆಗೆ ಎಳ್ಳಿನಷ್ಟು ಒಂದು ಗುರುತು. ಹಿಗ್ಗಿಸಿ ನೋಡಿದೆ. ಮೊದಲಿನ ಸಾಲುಗಳಿಗೆ ಉಪಗ್ರಹದ ಚಿತ್ರ, ಬ್ಯಾಟರಿ ಬಿಚ್ಚಿದ ಮೇಲಿನ ಸಾಲುಗಳಿಗೆ ಮೊಬೈಲ್ ಟವರಿನ ಚಿತ್ರ. ಅಂದರೆ ಡಬ್ಬಿ ತನ್ನ ಪುಟ್ಟ ಬ್ಯಾಟರಿ ಉಳಿಸಿಕೊಳ್ಳಲು ಉಪಗ್ರಹದ ಸಂಗ ಬಿಡುತ್ತದೆ. ಯಾವ ಟವರು ಸಿಕ್ಕಿದೆಯೋ ಅದರ ಆಸುಪಾಸಿನ ಒಂದು ಜಾಗ ಕಳಿಸುತ್ತದೆ. ನಕ್ಷೆಯಲ್ಲಿ ಮಾತ್ರ ಅದೇ ಕಾರು, ಅದೇ ಹಸಿರು. ಅಕ್ಕೋರ ಗಾಡಿಯ ಅಮಾವಾಸ್ಯೆಯ ಪಟ್ಟಿ ತೆಗೆದೆ. ಗಡಿಯಾಚೆಯ ಸಾಲುಗಳೆಲ್ಲಕ್ಕೂ ಟವರಿನ ಗುರುತೇ ಇತ್ತು.

ಮಾಲಕರಿಗೆ ತೋರಿಸಿದೆ. ಒಂದು ಡಬ್ಬಿ ಕೊಡಿ, ಕನಮಡಿಗೆ ಒಯ್ದು ಪರೀಕ್ಷೆ ಮಾಡುತ್ತೇನೆ ಎಂದೆ.

“ಲೇ, ನೀ ಮಾಲು ಮಾರಾಕ ಅದಿಯೋ, ಮಾಲಿನ ಮ್ಯಾಲ ಕೇಸ್ ಹಾಕಾಕ ಅದಿಯೋ?”

“ಮಾಲಕರ, ಒಬ್ಬನ ಅನ್ನ ಹೋಗೇತ್ರಿ.”

“ಅನ್ನ ನೀ ಹೊಡದದ್ದು, ಅಂಗಡಿ ಹೊಡದದ್ದಲ್ಲ. ನಾವು ಡಬ್ಬಿ ಕೊಟ್ಟಿದ್ವಿ, ಕೆಮ್ಮು ಯಾರು ಕೊಟ್ರು?”

ಹೇಳಿ ಮಾಲಕರು ನನ್ನಂತೆಯೇ ಎರಡು ಸಲ ಕೆಮ್ಮಿ ತೋರಿಸಿದರು. ನನ್ನನ್ನು ಇಷ್ಟು ಚೆನ್ನಾಗಿ ಅವರು ಎಂದೂ ಅನುಕರಣೆ ಮಾಡಿರಲಿಲ್ಲ. ಆದರೂ ಡಬ್ಬಿ ಕೊಟ್ಟರು, ರವಿವಾರ ಸೂಟಿಯ ದಿನ ಹೋಗು ಎಂಬ ಕರಾರಿನ ಮೇಲೆ.

ಡಬ್ಬಿಯನ್ನು ನನ್ನ ಬೈಕಿನ ಬ್ಯಾಟರಿಗೆ ಜೋಡಿಸಿ ಸೀಟಿನ ಮೇಲೆ ಟೇಪು ಹಾಕಿ ಕಟ್ಟಿದೆ. ಮೊದಲು ತಿಕೋಟಾದಲ್ಲಿ ನಿಂತು ವೈರು ಬಿಚ್ಚಿದೆ. ಹತ್ತು ನಿಮಿಷ ಕಾದೆ. ಜಾಗ ಕದಲಲಿಲ್ಲ. ಮತ್ತೆ ಜೋಡಿಸಿ ಕನಮಡಿಗೆ ಹೋದೆ, ಅಲ್ಲಿಯೂ ಹತ್ತು ನಿಮಿಷ. ಕದಲಲಿಲ್ಲ! ಬೈಕಿನ ಮೇಲೆ ಕುಳಿತು, ಒಳಗೊಳಗೇ ಒಂದು ಹಾಳು ಸಮಾಧಾನ ಪಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹಾಗಾದರೆ ಮಷಿನ್ ಸರಿ, ನಾನೂ ಸರಿ, ಕಾಕಾನೇ ಹೋಗಿದ್ದಾನೆ.

ವಾಪಸ್ ಹೊರಡುವ ಮುಂಚೆ, ಅವನು ಗಾಡಿ ತೊಳೆದಿರಬಹುದಾದ ಜಾಗವಾದರೂ ಇದೆಯೋ ನೋಡೋಣ ಅನಿಸಿತು. ಊರ ಹೊರಗೆ, ತಿಕೋಟಾದ ದಾರಿಗೆ ಹತ್ತಿದ ಹೊಲದಲ್ಲಿ ಬೋರಿನ ನೀರು ತೊಟ್ಟಿಗೆ ಬೀಳುತ್ತಿತ್ತು. ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಯಾರಾದರೂ ಬಿಳಿ ಗಾಡಿ ತಂದು ಇಲ್ಲಿ ತೊಳೆಯುತ್ತಾರೆಯೇ ಎಂದು ಕೇಳಿದೆ. ಬಹಳ ಗಾಡಿ ಬರುತ್ತವೆ, ಯಾವುದು ಅಂದಳು. ಹೇಗೆ ಹೇಳುವುದೆಂದು ತಿಳಿಯದೆ ಎರಡು ಸಲ ಕೆಮ್ಮಿದೆ.

“ಅಯ್ಯ, ಅಂವಾ ಏನು? ಹೋದ ಅಮಾಸಿಗೆ ಬಂದಿದ್ದ ನೋಡು. ಬಿಸಿನೀರ ಕೊಡವ್ವಾ ಅಂದ. ಯಾಕಪಾ, ಮೈ ತೊಳ್ಕೋತಿಯೇನು ಅಂದೆ. ಇಲ್ಲವಾ, ಬ್ಯಾಟರಿಗೆ ಅಂದ! ಬ್ಯಾಟರಿ ಕೀಲ ಬಿಚ್ಚಿ, ಬಿಸಿನೀರಿಲೆ ತಿಕ್ಕಿ, ನೆಳ್ಳಾಗ ಒಣಗಿಸಿ, ಕುಂಕುಮ ಹಚ್ಚಿದ. ಎತ್ತಿನ ಮೈ ಸೈತ ಯಾರೂ ಹಂಗ ತಿಕ್ಕೂದಿಲ್ಲ. ಗಾಡಿಗೆ ಕಾಯಿ ಒಡಿಯೂತನಕ ವೈರ್ ಜೋಡಿಸ್ಬಾರದಂತ. ಕಾಯಿ ತರಾಕ ಮತ್ತ ಊರಾಗ ನಡಕೋತ ಹೋದ.”

“ಎಷ್ಟೊತ್ತು ಆತವ್ವಾ?”

“ಒಂದ್ ಬುಟ್ಟಿ ಅರಬಿ ಒಗದು ಒಣಗಿಸಿದೆ, ಅಂವಂದು ಮುಗಿದಿರ್ಲಿಲ್ಲ. ಫೋನು ಗಾಡಿಯಾಗ ಒದರಾಕತ್ತಿತ್ತು, ನಾನ ಕೂಗಿ ಹೇಳಿದೆ. ಪೂಜಿ ಆಗಲಿ ಅಂದ.”

ಅಮಾವಾಸ್ಯೆಗೆ ಗಾಡಿ ತೊಳೆದು ಲಿಂಬೆಹಣ್ಣು ಕಟ್ಟದ ಡ್ರೈವರ್ ನಮ್ಮ ಕಡೆ ಇಲ್ಲ. ಬ್ಯಾಟರಿಯನ್ನು ಗಾಡಿಯ ಜೀವವೆಂದು ತಿಳಿದು ಅದನ್ನೇ ಬಿಚ್ಚಿ ಪೂಜೆ ಮಾಡುವ ಹಳಬರೂ ಉಂಟು. ಇದು ನನಗೆ ಗೊತ್ತಿತ್ತು, ಕುಂಕುಮವನ್ನು ಕೈಯಾರೆ ಒರೆಸಿದ್ದೆ. ಆದರೂ ಅಂದು ‘ವೈರ್ ಏನ್ ಮಾಡಿದಿ’ ಎಂದು ಅಕ್ಕೋರು ಕೇಳುವಾಗ, ‘ಕಾಕಾ, ಬ್ಯಾಟರಿ ಬಿಚ್ಚಿದ್ದೆಯಾ’ ಎಂದು ಕೇಳಬೇಕಾದ ಫಿಟ್ಟರು ಸ್ಕ್ರೂ ಹುಡುಕುತ್ತಿದ್ದ.

ನನ್ನ ಪರೀಕ್ಷೆಯ ಕೊರತೆಯೂ ತಿಳಿಯಿತು. ಹತ್ತು ನಿಮಿಷ ಸಾಲದು. ಅದೇ ತೊಟ್ಟಿಯ ಪಕ್ಕ ಬೈಕು ನಿಲ್ಲಿಸಿ ವೈರು ಬಿಚ್ಚಿ ಕೂತೆ. ಆ ಹೆಂಗಸು ರೊಟ್ಟಿ ಕೊಟ್ಟಳು, ತಿಂದೆ. ಅರ್ಧ ತಾಸು ಕಳೆದ ಮೇಲೆ, ನನ್ನ ಕಣ್ಣ ಮುಂದೆಯೇ, ನನ್ನ ಬೈಕು ಗಡಿ ದಾಟಿತು. ಅದೇ ಮಹಾರಾಷ್ಟ್ರ, ಹೆಚ್ಚುಕಡಿಮೆ ಅದೇ ಹೊಲ. ನಾನು ಬೈಕಿನ ಸೀಟಿನ ಮೇಲೆ ಕೈ ಊರಿಕೊಂಡೇ ನಿಂತಿದ್ದೆ. ಪರದೆಯ ಚಿತ್ರ ತೆಗೆದುಕೊಂಡೆ, ವೇಳೆ ಬರೆದುಕೊಂಡೆ. ವೈರು ಜೋಡಿಸಿದ ಮೇಲೆ ಒಂದೇ ನೆಗೆತಕ್ಕೆ ಬೈಕು ಕರ್ನಾಟಕಕ್ಕೆ ಬಂತು.

ಮರುದಿನ ಮಾಲಕರಿಗೆ ಹೇಳದೆ ಬಬಲೇಶ್ವರಕ್ಕೆ ಹೋದೆ. ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಒಯ್ದಿದ್ದೆ, ಬಾಯಿಗಿಂತ ಹಾಳೆ ಮೇಲು ಎಂದು. ಅಕ್ಕೋರು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಪೂರ್ತಿ ಓದಿದರು. ಓದುತ್ತ ಕೆಂಪು ಪೆನ್ನಿನಿಂದ ನನ್ನ ಎರಡು ಕಾಗುಣಿತ ತಿದ್ದಿದರು, ಆಮೇಲೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಾಗಿ ಪೆನ್ನು ಕೆಳಗಿಟ್ಟರು.

“ಹಂಗಾದ್ರ ಇದು ತಗೋಬೇಕೋ ಬ್ಯಾಡೋ?”

ಅದೇ ಪ್ರಶ್ನೆ. ಈ ಸಲ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

“ಗಾಡಿ ಕಳುವಾದ್ರ ಹುಡುಕಾಕ ಒಂದಿಷ್ಟು ಆಸರಾ ಆಕೈತ್ರಿ. ಕಳ್ಳ ಶಾಣ್ಯಾ ಇದ್ರ ಅದೂ ಇಲ್ಲ. ಆದ್ರ ಮನಷ್ಯಾನ್ನ ಕಾಯಾಕ ಅಂತ ತಗೋಬ್ಯಾಡ್ರಿ. ತಗೊಂಡ್ರ ಓಡಿಸಾಂವಗ ಹೇಳಿ ತಗೋರಿ. ಅವತ್ತ ಕಾಕಾಗ ಗೊತ್ತಿದ್ರ, ಬ್ಯಾಟರಿ ಬಿಚ್ಚೂ ಮುಂಚೆ ನಿಮಗ ಒಂದ್ ಫೋನ್ ಮಾಡ್ತಿದ್ದ.”

“ಅಂವಾ ಬ್ಯಾಟರಿ ಮಾತು ಯಾಕ ಹೇಳ್ಲಿಲ್ಲ? ನಾ ಕೇಳಿದೆಲ್ಲೋ.”

“ತೊಳ್ಯಾಕ ಒಯ್ದಿದ್ದೆ ಅಂತ ಹೇಳಿದ್ನಲ್ರೀ ಅಕ್ಕೋರ. ಅದರಾಗ ಎಲ್ಲಾ ಬಂತು ಅಂತ ತಿಳಕೊಂಡಿದ್ದ. ಆದ್ರ ಆ ಮಾತು ನಾ ಮೊದಲ ಹೇಳಿಬಿಟ್ಟಿದ್ದೆ.”

ಅಕ್ಕೋರು ಕಿಟಕಿಯ ಹೊರಗೆ ನೋಡಿದರು. ಮೈದಾನದಲ್ಲಿ ಅವರ ಗಾಡಿ ಧೂಳು ಮೆತ್ತಿಕೊಂಡು ನಿಂತಿತ್ತು. ದಿನಗೂಲಿಯ ಹೊಸ ಡ್ರೈವರ್ ಒಳಗೆ ಕಾಲು ಚಾಚಿ ಮಲಗಿದ್ದ.

“ಅಂವಾ ಬಾಯಿ ತೆಗದಾಗ ನನಗ ನಿನ್ನ ದನಿ ಕೇಳಿಸ್ತು. ಎಂಟು ವರ್ಷದಿಂದ ಕೇಳಿದ ಅಂವನ ದನಿ ಕೇಳಿಸ್ಲಿಲ್ಲ,” ಅಂದರು. ಹಾಳೆಗಳನ್ನು ಮಡಚಿ ನನ್ನ ಕಡೆ ಸರಿಸಿ, “ಬಾ ಅಂತ ಹೇಳು ಅಂವಗ.”

“ನೀವ ಒಂದ್ ಫೋನ್ ಮಾಡ್ರಲ್ಲ.”

“ಯಾವ ಮಾರಿ ಇಟ್ಕೊಂಡು ಮಾಡ್ಲಿ? ಕೆಡಿಸಿದಾಂವ ನೀನು, ನೀನ ಹೋಗು.” ಆಮೇಲೆ ಮೇಜಿನ ಮೇಲಿನ ಗಂಟೆ ಒತ್ತಿ ಸಿಪಾಯಿಯನ್ನು ಕರೆದರು. ನನ್ನ ಭೇಟಿ ಮುಗಿದಿತ್ತು.

ಟ್ರ್ಯಾಕರನ್ನು ಅಕ್ಕೋರು ವಾಪಸ್ ಕೊಟ್ಟರು. ಮೂವರು ಮಾಸ್ತರರಿಗೂ ಅದೇ ಎರಡು ಹಾಳೆ ಓದಲು ಕೊಟ್ಟೆ. ಒಬ್ಬರು ಬೇಡವೆಂದರು. ಇಬ್ಬರು ಶಾಂತವಾಗಿ ಓದಿ, ಮಡಚಿ, ಕೂರಿಸು ಎಂದರು. ಒಬ್ಬರಂತೂ ತಗ್ಗಿದ ದನಿಯಲ್ಲಿ “ನಮ್ಮ ಡ್ರೈವರಗ ಹೇಳಬ್ಯಾಡ ಮತ್ತ,” ಎಂದರು. ಹೇಳದೆ ಕೂರಿಸುವುದಿಲ್ಲ ಎಂದೆ. ಮಾಲಕರು ಆ ಎರಡೂ ಕೆಲಸವನ್ನು ಬೇರೆ ಫಿಟ್ಟರನಿಂದ ಮಾಡಿಸಿದರು. ನನ್ನ ಹಾಳೆಯಿಂದ ಆದ ಉಪಕಾರ ಇಷ್ಟು.

ಕಾಕಾ ತಿಕೋಟಾದಲ್ಲಿ ಸಿಕ್ಕ. ಒಂದು ಒಣದ್ರಾಕ್ಷಿ ಶೆಡ್ಡಿಗೆ ಟೆಂಪೋ ಓಡಿಸುತ್ತಿದ್ದ. ಯಾರದೋ ಹಳೆಯ ಟೆಂಪೋ, ಬಾಗಿಲಿಗೆ ಹಗ್ಗ ಕಟ್ಟಿತ್ತು. ಅವನು ಬಾಕ್ಸು ಏರಿಸುವವರಿಗೆ ಕಾಯುತ್ತ, ಬಾನೆಟ್ ಎತ್ತಿ ಬ್ಯಾಟರಿಯ ಟರ್ಮಿನಲ್ ಒರೆಸುತ್ತಿದ್ದ. ನನ್ನನ್ನು ನೋಡಿ ಒರೆಸುವುದನ್ನು ನಿಲ್ಲಿಸಲಿಲ್ಲ.

ಎಲ್ಲ ಹೇಳಿದೆ. ಎಳ್ಳಿನಷ್ಟು ಗುರುತು, ಬೋರಿನ ಹೆಂಗಸು, ಗಡಿ ದಾಟಿದ ನನ್ನ ಬೈಕು. ಅಂಗಡಿಯಲ್ಲಿ ಅವನು ಬರುವ ಮೊದಲೇ ನಾನು ಮಾಡಿದ ಅವನ ದನಿ, ಆಡಿದ ಆ ಮಾತು, ಅದನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಆಡುತ್ತಿದ್ದ ಬಟ್ಟೆ ಆಗ ನಿಂತಿತು. ಅಂದು ಅಂಗಡಿಯಲ್ಲಿ ಆ ನಗು ಯಾಕೆ ಎದ್ದಿತೆಂದು ಅವನಿಗೆ ಈಗ ತಿಳಿದಿತ್ತು.

“ತಪ್ಪಾತು ಕಾಕಾ,” ಅಂದೆ. ನನ್ನದೇ ದನಿಯಲ್ಲಿ. ಅದು ಹೇಗಿದೆಯೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ಬಹಳ ತೆಳ್ಳಗಿತ್ತು. “ಅಕ್ಕೋರು ವಾಪಸ್ ಬಾ ಅಂದಾರ. ಗಾಡಿ ಹಂಗ ಧೂಳಾಗ ನಿಂತೈತಿ. ನಾ ಅವ್ರಿಗೆ ಏನಂತ ಹೇಳ್ಲಿ?”

ಕಾಕಾ ಬಾನೆಟ್ ಮುಚ್ಚಿದ. ಕೈ ಒರೆಸಿಕೊಂಡ. ಅವನು ಕೆಮ್ಮಲಿಲ್ಲ, ಒಂದು ಸಲವೂ.

“ನನ್ನ ದನಿ ನಿನ್ನ ಕಡೇನ ಐತಲ್ಲೋ ತಮ್ಮಾ. ‘ಬರೂದಿಲ್ರೀ ಅಕ್ಕೋರ’ ಅಂತ ನೀನ ಹೇಳಿಬಿಡು. ನಾ ಹೇಳಿದ್ರ ಅವ್ರು ನಂಬೂದಿಲ್ಲ.”